ಎರಡು ಬಾಣಲೆಯ ಮಳೆಗಾಲ

ಹೋದ ಆಷಾಢದಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಎಡಗಣ್ಣಿನ ಪೊರೆ ತೆಗೆದರು. ಮರುದಿನ ಮಗಳು ಬಸ್ಸಿನಲ್ಲಿ ಊರಿಗೆ ಕರೆದುಕೊಂಡು ಬರುತ್ತಿದ್ದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ದುಮ್ಮವಾಡ ದಾಟಿ ಸ್ವಲ್ಪ ಹೊತ್ತಿಗೆ ಯಾರೋ ಕಿಟಕಿಯ ಗಾಜು ಸರಿಸಿದರು. ಹಸಿಮಣ್ಣು, ಪಾಚಿ, ನೆನೆದ ಹುಲ್ಲು, ಎಲ್ಲ ಸೇರಿದ ಒಂದು ವಾಸನೆ ಒಳಗೆ ನುಗ್ಗಿತು.

"ಕೆರಿ ಬಂತಲ್ಲ?" ಅಂದೆ.

"ಕಣ್ಣು ಕಟ್ಟ್ಯಾರ, ನಿನಗ ಹೆಂಗ ಗೊತ್ತಾತಬೇ?" ಅಂದಳು ಮಗಳು.

"ಕಣ್ಣು ಕಟ್ಟ್ಯಾರ, ಮೂಗು ಕಟ್ಟಿಲ್ಲಲ್ಲ" ಅಂದೆ.

ಆ ಕೆರೆಯ ದಂಡೆಯ ಮೇಲೆ ನಾನೂ ನಮ್ಮತ್ತೆ ದ್ಯಾಮವ್ವನೂ ಮೀನು ಕರಿಯುವ ಅಂಗಡಿ ಇಟ್ಟಿದ್ದೆವು. ಎಂಬತ್ತೈದೋ ಎಂಬತ್ತಾರೋ ಇರಬೇಕು. ಅಂಗಡಿ ಅಂದರೆ ನಾಲ್ಕು ಗೂಟ, ಮೇಲೆ ಕಬ್ಬಿನ ಸೋಗೆ, ಅದರ ಮೇಲೆ ಹಾರದಂತೆ ಒಂದು ಹಳೆಯ ತಗಡು. ನಡೆದದ್ದು ಐದಾರು ವರ್ಷ, ಆದರೆ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಬಂದು ಕೂತದ್ದು ಮೊದಲನೆಯ ಮಳೆಗಾಲ ಒಂದೇ. ಉಳಿದವು ಅದರ ಹಿಂದೆ ಬಂದವು, ಅಷ್ಟೇ.

ನನ್ನ ಗಂಡ ಸತ್ತು ಆಗ ಎರಡು ವರ್ಷ. ನಾವು ಕೇರಿಯವರು, ಹೊಲ ಇಲ್ಲ, ಕೂಲಿಯೇ ಗತಿ. ಮಗಳನ್ನು ತವರಿನಲ್ಲಿ ಬಿಟ್ಟಿದ್ದೆ. ನನಗೆ ಕೂಲಿ ಸಿಗುತ್ತಿತ್ತು, ಅತ್ತೆಗೆ ಸಿಗುತ್ತಿರಲಿಲ್ಲ. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಳೆ ತೆಗೆಯಲು ಕೂಡಿಸಿದರೆ ಕಳೆಯ ಜೊತೆ ಪೈರನ್ನೂ ಕಿತ್ತು ಒಗೆಯುತ್ತಿದ್ದಳು. ಒಬ್ಬ ಹೊಲದವನು ಬೈದು ಕಳಿಸಿದ, ಆಮೇಲೆ ಯಾರೂ ಕರೆಯಲಿಲ್ಲ. ನಲವತ್ತು ವರ್ಷ ದುಡಿದ ಹೆಂಗಸು ಗೋಡೆಗೆ ಒರಗಿ ಕೂತು ದಿನವಿಡೀ ನನ್ನನ್ನು ಬೈಯುತ್ತಿದ್ದಳು. ಬೈಯುವುದು ನಿಂತ ದಿನ ನನಗೆ ಹೆದರಿಕೆ ಆಯಿತು. ಮೂರು ದಿನ ಬಾಯಿ ಬಿಡಲಿಲ್ಲ, ಊಟವೂ ಅಷ್ಟಕ್ಕಷ್ಟೇ.

ಕೆರೆಗೆ ರವಿವಾರ ಗಾಳ ಹಾಕುವವರು ಬರುತ್ತಿದ್ದರು. ಕಲಘಟಗಿಯವರು, ಹುಬ್ಬಳ್ಳಿಯವರು, ಸೈಕಲ್ಲಿಗೆ ಬಿದಿರು ಕೋಲು ಕಟ್ಟಿಕೊಂಡು. ಎರೆಹುಳದ ಡಬ್ಬಿ ಬಾಜೂಕ ಇಟ್ಟುಕೊಂಡು ಮುಂಜಾನೆಯಿಂದ ಸಂಜೆಯ ತನಕ ನೀರು ನೋಡುತ್ತ ಕೂಡುವುದು. ಇದು ಎಂಥ ಕೆಲಸ ಅಂತ ನಾನು ನಗುತ್ತಿದ್ದೆ. ಒಂದು ರವಿವಾರ ದಂಡೆಯ ಮೇಲೆ ಹುಲ್ಲು ಕೊಯ್ಯುತ್ತಿದ್ದಾಗ ಕಲಘಟಗಿಯ ಟೇಲರ್ ಇಮಾಮಸಾಬ ಒಂದು ದೊಡ್ಡ ಕಟ್ಲಾ ಮೀನು ಎತ್ತಿ ಹಿಡಿದು ಕೂಗಿದ.

"ಏ ಫಕೀರವ್ವ, ಇದನ್ನ ಸ್ವಚ್ಛ ಮಾಡಿ ಕರದು ಕೊಡ್ತಿಯೇನು? ಅರ್ಧಾ ನೀ ಇಟ್ಕೋ. ಮನಿಗೆ ಒಯ್ದರ ಮೀನಿನಕಿಂತ ಮೊದಲ ನನ್ನ ಕೊಯ್ತಾಳ ನಮ್ಮಾಕಿ."

ಮನೆಗೆ ಒಯ್ದು ಅತ್ತೆಯ ಮುಂದೆ ಇಟ್ಟೆ. ಈಳಿಗೆ ಕೊಟ್ಟೆ, ಒಂದು ಹಿಡಿ ಬೂದಿ ಕೊಟ್ಟೆ. ಆಕೆ ಬೆರಳಿನಿಂದಲೇ ತಲೆ ಯಾವುದು, ಬಾಲ ಯಾವುದು ನೋಡಿದಳು. ನಾನು ಒಲೆ ಹೊತ್ತಿಸುವುದರೊಳಗೆ ಹುರುಪೆ ತೆಗೆದು, ಹೊಟ್ಟೆ ಸೀಳಿ, ತುಂಡು ಮಾಡಿ ಮುಗಿಸಿದ್ದಳು. ಒಂದು ಹುರುಪೆ ಉಳಿದಿರಲಿಲ್ಲ. ಆಮೇಲೆ ಬಾಯಿ ತೆರೆದಳು.

"ಲೇ ಫಕೀರಿ, ಒಲಿಗೆ ಕಟ್ಟಿಗಿ ತುರುಕೂದು ನೋಡಿದರ ನಿಮ್ಮಪ್ಪನ ಮನ್ಯಾಗ ಅಡವಿ ಐತೇನ ಅನಸ್ತೈತಿ."

ಬೈದಳು. ನನಗೆ ಅಷ್ಟು ಸಾಕಾಯಿತು. ಮುಂದಿನ ರವಿವಾರ ದಂಡೆಯ ಮೇಲೆ ಗೂಟ ನೆಟ್ಟೆ.

ಹಿಡಿದವರು ಮೀನು ತಂದುಕೊಡುವುದು, ಅತ್ತೆ ಸ್ವಚ್ಛ ಮಾಡುವುದು, ನಾನು ಕರಿಯುವುದು. ಗಾಳದವರ ಒಂದು ಹಟ ಏನೆಂದರೆ ತಾವು ಹಿಡಿದದ್ದೇ ತಮಗೆ ಬರಬೇಕು. ಪಕ್ಕದವನ ಮೀನು ದೊಡ್ಡದಿದ್ದರೂ ಬೇಡ. ನನಗೆ ಹೆಸರು ಬರೆಯಲು ಬಾರದು. ಮೀನಿನ ಮೈಮೇಲೆ ಈಳಿಗೆಯಿಂದ ಗೀರು ಹಾಕುತ್ತಿದ್ದೆವು. ಇಮಾಮಸಾಬನದು ಒಂದು ಗೀರು, ಗಾಳಕ್ಕೆ ಬರುತ್ತಿದ್ದ ಕರೆಂಟಿನ ಲೈನ್‌ಮನ್‌ನದು ಎರಡು, ಹಾಗೆ. ಹುಣಸೆಹುಳಿ, ಬೆಳ್ಳುಳ್ಳಿ, ಖಾರ, ಅರಿಶಿನ ಹಚ್ಚಿ, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಶೇಂಗಾ ಎಣ್ಣೆಗೆ ಬಿಡುವುದು. ಗಾಳ ಹಾಕದವರೂ ಬರೀ ತಿನ್ನಲು ಬರತೊಡಗಿದರು.

ಆಮೇಲೆ ಶ್ರಾವಣ ಬಂತು. ಈ ಮಾತು ನನಗೆ ಮೊದಲೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಗಾಳದವರು ಬಂದರು, ಮೀನು ಹಿಡಿದರು. ಆದರೆ ಹೆಚ್ಚುಕಡಿಮೆ ಎಲ್ಲರೂ ಶ್ರಾವಣ ಹಿಡಿದವರು, ಮೀನು ಬಾಯಿಗೆ ಇಡಲಿಲ್ಲ. ಮೊದಲ ರವಿವಾರ ಇಮಾಮಸಾಬ ಒಬ್ಬನೇ ತಿಂದ.

"ನಾನೂ ಶ್ರಾವಣ ಹಿಡದರ ಹೆಂಗ?" ಅಂದ.

"ನೀವು ಹಿಡದರ ನಾವು ಇಬ್ಬರೂ ಕೆರಿಗೆ ಹಾರತೀವಿ ಕಾಕಾ" ಅಂದೆ.

ಆ ವಾರ ನಾನು ಬಟಾಟೆ ಕೀಳುವ ಕೂಲಿಗೆ ಹೋಗಿದ್ದೆ. ಗುದ್ದಲಿ ಬಡಿದು ಹೋಳಾದ ಬಟಾಟೆ ಮಾರಾಟಕ್ಕೆ ಬರುವುದಿಲ್ಲ, ಎರಡು ದಿನಕ್ಕೆ ಕೊಳೆಯುತ್ತವೆ. ಅವನ್ನು ಕೂಲಿಯವರಿಗೆ ಬಿಡುತ್ತಿದ್ದರು. ಒಂದು ಬುಟ್ಟಿ ಹೊತ್ತು ತಂದೆ. ಬೆರಳಿನಷ್ಟು ದಪ್ಪ ಉದ್ದಕ್ಕೆ ಹೆಚ್ಚಿ, ಕರಿದು, ಉಪ್ಪು-ಖಾರ ಉದುರಿಸಿ ಕೊಟ್ಟೆ. ಆದರೆ ಮೀನಿನ ಎಣ್ಣೆಯಲ್ಲಿ ಕರಿದರೆ ಶ್ರಾವಣ ಎಲ್ಲಿ ಉಳಿಯಿತು? ಎರಡನೆಯ ಒಲೆ ಹೂಡಿದೆ, ಎರಡನೆಯ ಬಾಣಲೆ ಇಟ್ಟೆ, ಎಣ್ಣೆಗೆ ಎರಡನೆಯ ಡಬ್ಬಿ. ಸಂಜೆ ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಅದರದರ ಡಬ್ಬಿಗೆ ಹಾಕಿ ಇಡುವುದು ಅತ್ತೆಯ ಕೆಲಸ. ಬಟಾಟೆಯ ಡಬ್ಬಿಗೆ ಸುತ್ತಲೂ ಸುತಳಿ ಕಟ್ಟಿದ್ದೆ, ಕೈಗೆ ಗೊತ್ತಾಗಲಿ ಅಂತ.

ಬಟಾಟೆ ತಿನ್ನಲು ಬಂದವರಲ್ಲಿ ಮಾಸ್ತರು ಒಬ್ಬರು. ಹತ್ತಿರದ ಸಾಲೆಯಲ್ಲಿ ಕಲಿಸುತ್ತಿದ್ದರು, ಮನೆ ಕಲಘಟಗಿಯಲ್ಲಿ. ಮೀನು-ಮಾಂಸ ಮುಟ್ಟದ ಮನೆತನ. ಗಾಳ ಹಾಕುವುದು ಮಾತ್ರ ಒಂದು ರವಿವಾರವೂ ತಪ್ಪಿಸುತ್ತಿರಲಿಲ್ಲ. ಹಿಡಿದದ್ದನ್ನೆಲ್ಲ ನಮ್ಮ ಅತ್ತೆಯ ಮುಂದೆ ಇಟ್ಟು ಹೋಗುತ್ತಿದ್ದರು.

"ತಿನ್ನಂಗಿಲ್ಲ ಅಂದಮ್ಯಾಲ ಯಾಕ ಹಿಡೀತೀರಿ ಮಾಸ್ತರ?" ಅಂತ ಅತ್ತೆ ಕೇಳಿದಳು.

"ವಾರದಾಗ ಆರು ದಿನ ಸಾಲ್ಯಾಗ ಒದರತೀನಿ ದ್ಯಾಮವ್ವ. ಒಂದು ದಿನ ಸುಮ್ಮ ಕುಂದ್ರಾಕ ಒಂದು ನೆವ ಬೇಕಲ್ಲ."

ಮಾಸ್ತರು ನಮ್ಮ ಕೈಯಿಂದ ಬಟಾಟೆ ತೆಗೆದುಕೊಂಡು ನಮ್ಮ ಮುಂದೆಯೇ ಕೂತು ತಿಂದರು. ಆಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ. "ಬಾಣಲಿ ಬ್ಯಾರೆ ಐತಿಲ್ಲ?" ಅಂತ ಕೇಳಿದ್ದರು. ಐತ್ರಿ ಅಂದಿದ್ದೆ. ಅದಕ್ಕಿಂತ ಹೆಚ್ಚು ಏನೂ ಕೇಳಲಿಲ್ಲ. ಶ್ರಾವಣ ಮುಗಿದು ಉಳಿದವರೆಲ್ಲ ಮೀನಿಗೆ ಮರಳಿದರೂ ಮಾಸ್ತರೊಬ್ಬರ ಸಲುವಾಗಿ ಎರಡನೆಯ ಒಲೆ ಉರಿಯುತ್ತಲೇ ಇತ್ತು.

ಅಷ್ಟರಲ್ಲಿ ಕೆರೆಯ ಮೀನಿನ ಗುತ್ತಿಗೆ ಹಿಡಿದವನು ನಮ್ಮ ಮೇಲೆ ಬಿದ್ದ. ನಮ್ಮ ಅಂಗಡಿಯಿಂದ ಗಾಳದವರು ಹೆಚ್ಚಾದರು, ತನ್ನ ಮೀನೆಲ್ಲ ಖಾಲಿ ಆಗುತ್ತವೆ ಅಂತ ಅವನ ತಕರಾರು. ಎರಡು ಸಲ ಬಂದು ಗೂಟ ಅಲ್ಲಾಡಿಸಿ ಹೋದ. ಅತ್ತೆ ಈಳಿಗೆ ಹಿಡಿದು ಎದ್ದು ನಿಂತಳು, ಆದರೆ ಅವನು ನಿಂತ ಕಡೆ ಬಿಟ್ಟು ಬೇರೆ ಕಡೆ ಮುಖ ಮಾಡಿದ್ದಳು. ಅವನು ನಕ್ಕ. ಆ ನಗು ನನಗೆ ಇನ್ನೂ ನೆನಪಿದೆ.

ಮಾಸ್ತರು ಪಂಚಾಯ್ತಿಗೆ ಅರ್ಜಿ ಬರೆದರು. ದಂಡೆಯ ಮೇಲೆ ಗುಡಿಸಲು ಇಡಲು ಪರವಾನಗಿ ಕೊಡಬೇಕು ಅಂತ. ನಾನು ಹೆಬ್ಬೆಟ್ಟು ಒತ್ತಿದೆ. ಬುಧವಾರ ಮೀಟಿಂಗು, ಅಲ್ಲಿ ತಾವೇ ಬಂದು ಮಾತಾಡುವುದಾಗಿ ಹೇಳಿದರು. ನಮ್ಮ ಪರ ಮಾತಾಡುವವರು ಅಂದರೆ ಅವರೊಬ್ಬರೇ, ಸಾಲೆಯ ಮಾಸ್ತರ ಮಾತಿಗೆ ಊರಲ್ಲಿ ತೂಕ ಇತ್ತು. ಇಮಾಮಸಾಬ ಪರ ಊರಿನವನು, ನಾವು ಕೇರಿಯವರು. ನಮ್ಮ ಮಾತು ಯಾರು ಕೇಳಬೇಕು?

ಆ ಬುಧವಾರದ ಹಿಂದಿನ ರವಿವಾರ ಧೋ ಅಂತ ಮಳೆ. ಸೋಗೆ ಸೋರಿ ಒಂದು ಒಲೆ ಕೆಟ್ಟಿತು. ನಾನು ಅದಕ್ಕೆ ಊದುತ್ತ ಕೂತಿದ್ದೆ, ಕಣ್ಣ ತುಂಬ ಹೊಗೆ. ಬಟಾಟೆಯ ಬಾಣಲೆಗೆ ಎಣ್ಣೆ ಹಾಕಿದ್ದು ಅತ್ತೆ. ಮಾಸ್ತರು ತಿಂದರು. ಇನ್ನೊಂದು ಸಲ ಕೇಳಿ ತಿಂದರು.

"ಫಕೀರವ್ವ, ಇವತ್ತ ಏನ ಹಾಕೀದಿ ಇದಕ? ಅಗದಿ ಬ್ಯಾರೇನ ಆಗೈತಿ ರುಚಿ. ಒಂದಿಷ್ಟು ಕಟ್ಟಿಕೊಡು. ಅವ್ವಗ ಒಯ್ತೀನಿ. ಆಕಿಗೆ ಬಾಯಿ ಕೆಟ್ಟೈತಿ, ಏನೂ ಸೇರವಲ್ತು."

ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟೆ. ಐದು ಗಂಟೆಯ ಬಸ್ಸು ಹಿಡಿಯಲು ಕೊಡೆ ಬಿಚ್ಚಿಕೊಂಡು ಹೋದರು. ನಾನು ಬಾಣಲೆ ತೊಳೆಯಲು ಎತ್ತಿದೆ. ಅಂಚಿಗೆ, ಸೋಸುವ ಬಟ್ಟೆಗೂ ತಪ್ಪಿಸಿಕೊಂಡ ಒಂದು ಮೀನಿನ ಹುರುಪೆ ಅಂಟಿತ್ತು. ಉಗುರಿನಷ್ಟು. ಡಬ್ಬಿ ನೋಡಿದೆ. ಸುತಳಿ ಮಳೆಗೆ ನೆನೆದು ಜಾರಿ ಕೆಳಗೆ ಬಿದ್ದಿತ್ತು. ಅತ್ತೆ ಸುತಳಿ ಇಲ್ಲದ ಎರಡು ಡಬ್ಬಿ ಮುಟ್ಟಿ, ಹತ್ತಿರ ಇದ್ದದ್ದನ್ನು ಸುರಿದಿದ್ದಳು.

"ಅತ್ತಿ, ಮೀನಿನ ಎಣ್ಣಿ ಹಾಕೀದಿ."

ಆಕೆ ಬಾಣಲೆ ಮೂಗಿನ ಹತ್ತಿರ ತಂದುಕೊಂಡಳು. ನಮ್ಮ ಗುಡಿಸಲಿನಲ್ಲಿ ಎಲ್ಲದಕ್ಕೂ ಮೀನಿನ ವಾಸನೆಯೇ, ನಮ್ಮ ಕೈಗೂ, ಸೀರೆಗೂ. ಮೂಸಿದರೆ ಏನು ಗೊತ್ತಾಗಬೇಕು? ಬಾಣಲೆ ಕೆಳಗೆ ಇಟ್ಟಳು.

"ತಿಂದರಲ್ಲ, ರುಚಿ ಅಂದರಲ್ಲ. ಬಾಯಿ ಮುಚ್ಕೊಂಡು ಕುಂದ್ರು."

"ಅವರವ್ವಗ ಒಯ್ದಾರ."

"ಆಕಿನೂ ರುಚಿ ಅಂತಾಳ. ಲೇ, ಬುಧವಾರ ಯಾರ ಮಾತಾಡವರು? ನಿಮ್ಮಪ್ಪ ಬರತಾನೇನು ಸತ್ತಾವ ಎದ್ದು? ಈ ಒಲಿ ಹೋತಂದರ ನಾ ಮತ್ತ ಆ ಗ್ವಾಡಿಗೆ ಹೋಗಿ ಒರಗಬೇಕೇನ?"

ಆಕೆ ಹೇಳಿದ್ದರಲ್ಲಿ ತಪ್ಪು ಇರಲಿಲ್ಲ. ಇವತ್ತಿಗೂ ನಾನು ಹಾಗೆಯೇ ಅನ್ನುತ್ತೇನೆ. ಆದರೆ ನನ್ನ ಕಣ್ಣ ಮುಂದೆ ಆ ಮುದುಕಿ ಬಂದಳು. ನಾನು ನೋಡಿದವಳಲ್ಲ. ಬಾಯಿ ಕೆಟ್ಟ ಮುದುಕಿ, ಜನ್ಮವಿಡೀ ಮುಟ್ಟದ್ದನ್ನು ಮಗನ ಕೈಯಿಂದ ತಿನ್ನುವವಳು. ನಮ್ಮತ್ತೆ ಡಬ್ಬಿ ಕಾಣದೆ ತಪ್ಪಿದಳು, ಆ ಮುದುಕಿಯೂ ಕಾಣದೆಯೇ ತಿನ್ನಬೇಕೇ? ಸೀರೆ ಎತ್ತಿ ಕಟ್ಟಿ ಓಡಿದೆ.

ದಂಡೆಯ ಮಣ್ಣು ಎರೆಮಣ್ಣಿನಂತೆ ಕಾಲಿಗೆ ಹಿಡಿಯುತ್ತಿತ್ತು. ಎರಡು ಸಲ ಬಿದ್ದೆ. ರಸ್ತೆಗೆ ಬರುವಷ್ಟರಲ್ಲಿ ಬಸ್ಸು ನಿಂತಿತ್ತು, ಮಾಸ್ತರು ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದರು. ಮೆಲ್ಲಗೆ ಬಾಜೂಕ ಕರೆದು ಹೇಳಬಹುದಿತ್ತು. ನನಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಓಡಿದ ದಮ್ಮಿನಲ್ಲಿ ದೂರದಿಂದಲೇ ಒದರಿದೆ.

"ಮಾಸ್ತರ, ಅದನ್ನ ನಿಮ್ಮವ್ವಗ ಕೊಡಬ್ಯಾಡ್ರಿ! ಅದು ಮೀನಿನ ಎಣ್ಣ್ಯಾಗ ಕರದದ್ದೈತಿ!"

ಬಸ್ಸಿನ ಕಿಟಕಿಗಳಲ್ಲಿ ಇದ್ದ ಮುಖಗಳೆಲ್ಲ ಇತ್ತ ತಿರುಗಿದವು. ಒಳಗಿನಿಂದ ಒಬ್ಬ ಕಿಸಕ್ಕನೆ ನಕ್ಕ. "ಮಾಸ್ತರು ಮೀನು ತಿಂದಾರಂತ" ಅಂದ ಇನ್ನೊಬ್ಬ.

ಮಾಸ್ತರು ಮೆಟ್ಟಿಲಿಂದ ಕೆಳಗೆ ಇಳಿದರು. ಕೈಯಲ್ಲಿನ ಪೊಟ್ಟಣ ನೋಡಿದರು. "ನಾ ತಿಂದದ್ದೂ?" ಅಂತ ಕೇಳಿದರು.

"ಹೌದ್ರಿ. ನಮ್ಮತ್ತಿಗೆ ಡಬ್ಬಿ ಕಾಣಲಿಲ್ರಿ. ನಾ ನೋಡಬೇಕಿತ್ತು, ನೋಡಲಿಲ್ಲ."

ಅವರ ಮುಖದ ಬಣ್ಣ ಹೋಯಿತು. ರಸ್ತೆಯ ಬದಿಗೆ ಹರಿಯುತ್ತಿದ್ದ ಮಳೆನೀರನ್ನೇ ಬೊಗಸೆಯಲ್ಲಿ ತೆಗೆದು ಬಾಯಿ ಮುಕ್ಕಳಿಸಿದರು. ಒಂದು ಸಲ, ಎರಡು ಸಲ, ಎಷ್ಟೋ ಸಲ. ಕಂಡಕ್ಟರ್ ಸೀಟಿ ಊದಿದ. ಪೊಟ್ಟಣವನ್ನು ನನ್ನ ಕೈಯಲ್ಲಿ ಇಟ್ಟರು, ಒಗೆಯಲಿಲ್ಲ. ಬಸ್ಸು ಹತ್ತಿದರು.

ನಾನು ತಿರುಗಿ ಬಂದಾಗ ಅತ್ತೆ ಕೇಳಿದ್ದು ಒಂದೇ. "ಹೇಳಿದಿ?"

"ಹೇಳಿದೆ."

"ಗೂಟ ಕೀಳು ಹಂಗಾರ. ಮಳ್ಯಾಗ ಸಡಲ ಆಗ್ಯಾವ, ಹಗುರ ಬರತಾವ."

ಗೂಟ ಕೀಳಲಿಲ್ಲ. ಆದರೆ ಆಕೆ ಮತ್ತೆ ಮಾತು ನಿಲ್ಲಿಸಿದಳು. ಸೋಮವಾರದ ಸಂಜೆಗೆ ಸುದ್ದಿ ನಾಲ್ಕು ಊರು ತಿರುಗಿತ್ತು. ಮಾಸ್ತರ ತಾಯಿ ಅವರಿಗೆ ತಲೆಮೇಲೆ ನೀರು ಹಾಕಿಸಿ ಒಳಗೆ ಕರೆದುಕೊಂಡಳಂತೆ, ಸಾಲೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ ಮೀನಿನ ಚಿತ್ರ ಬರೆದಿದ್ದರಂತೆ. ಇಮಾಮಸಾಬ ಸೈಕಲ್ ಹೊಡೆದುಕೊಂಡು ಬಂದು ಹೇಳಿದ. ನಗಿಸುವವನು ಅವತ್ತು ನಗಿಸಲಿಲ್ಲ. "ಖರೇ ಹೇಳಿದ್ದು ಚಲೋ ಆತವ್ವ, ಆದರ ಇಡೀ ಬಸ್ಸಿಗೆ ಹೇಳೂದು ಬ್ಯಾಡಾಗಿತ್ತು" ಅಂದ.

ಬುಧವಾರ ಅತ್ತೆಯ ಕೈ ಹಿಡಿದುಕೊಂಡು ಪಂಚಾಯ್ತಿಗೆ ಹೋದೆ. ನಾವು ಹೊರಗಿನ ಕಟ್ಟೆಯ ಕೆಳಗೆ ನಿಂತೆವು. ಒಳಗೆ ಚೇರಮನ್ನರು, ಇನ್ನೂ ಆರೇಳು ಮಂದಿ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಗುಡಿಸಲಿನ ಸಲುವಾಗಿ ಅಷ್ಟು ಜನ ಬರುವುದಿಲ್ಲ, ಮಾಸ್ತರು ಬರುತ್ತಾರೋ ಇಲ್ಲವೋ ನೋಡಲು ಬಂದವರು. ಗುತ್ತಿಗೆಯವನು ಮೊದಲು ಎದ್ದ. ಮೀನಿನ ಮಾತು ಬಿಟ್ಟೇಬಿಟ್ಟಿದ್ದ.

"ಈಕಿ ಮಾಸ್ತರಿಗೆ ಮೀನಿನ ಎಣ್ಣಿ ತಿನಿಸ್ಯಾಳ್ರಿ. ಮಂದಿ ಜಾತಿ ಕೆಡಸೂ ಅಂಗಡಿ ಕೆರಿ ದಂಡಿ ಮ್ಯಾಲ ಬೇಕೇನ್ರಿ?"

ಆಗ ಹಿಂದಿನಿಂದ ಜನ ಸರಿದರು. ಮಾಸ್ತರು ಬಂದಿದ್ದರು. ನನ್ನ ಕಡೆ ನೋಡಲಿಲ್ಲ, ಸೀದಾ ಒಳಗೆ ಹೋಗಿ ನಿಂತರು.

ಚೇರಮನ್ನರು ಕೆಮ್ಮಿದರು. "ಮಾಸ್ತರ, ಈ ಮಾತು ಖರೇ ಏನ್ರಿ?"

"ಖರೇ ಐತ್ರಿ. ತಿಂದೇನಿ. ರುಚಿ ಐತಿ ಅಂತ ಎರಡನೇ ಸಲ ಕೇಳಿ ತಿಂದೇನಿ."

ಬಾಗಿಲಲ್ಲಿ ನಗು ಎದ್ದಿತು. ಮಾಸ್ತರು ಅದು ಮುಗಿಯುವ ತನಕ ಕಾದರು. ಹುಡುಗರ ಗದ್ದಲ ನೋಡಿ ರೂಢಿ ಇದ್ದವರು.

"ಅಂದ್ರ ಈಕಿ ನಿಮಗ ಮೋಸ ಮಾಡ್ಯಾಳ" ಅಂದ ಗುತ್ತಿಗೆಯವನು.

"ಗೊತ್ತಿದ್ದೂ ಹೇಳದ ಇದ್ದರ ಮೋಸ. ಇವತ್ತ ನಾ ಇಲ್ಲಿ ಬಂದು ಈಕಿ ಪರ ಮಾತಾಡಾವ ಇದ್ದೆ, ಅದು ಈಕಿಗೆ ಗೊತ್ತಿತ್ತು. ಸುಮ್ಮನಿದ್ದಿದ್ದರ ನನಗೂ ತಿಳೀತಿರಲಿಲ್ಲ, ನಮ್ಮವ್ವಗೂ ತಿಳೀತಿರಲಿಲ್ಲ. ಮಳ್ಯಾಗ ಓಡಿ ಬಂದು ಹೇಳ್ಯಾಳ." ಚೇರಮನ್ನರ ಕಡೆ ತಿರುಗಿದರು. "ಇಪ್ಪತ್ತು ವರ್ಷ ಆತ್ರಿ ನಾನು ಸಂತ್ಯಾಗ, ಬಸ್‌ಸ್ಟ್ಯಾಂಡ್‌ನ್ಯಾಗ ಮಿರ್ಚಿ ತಿನ್ನಾಕತ್ತಿ. ನೀವೂ ತಿಂತೀರಿ. ಆ ಎಣ್ಣ್ಯಾಗ ಮೊದಲ ಏನೇನ ಮುಳುಗಿ ಎದ್ದೈತಿ ಅಂತ ಇಷ್ಟು ದಿನದಾಗ ಒಬ್ಬರರ ಬೆನ್ನು ಹತ್ತಿ ಬಂದು ಹೇಳ್ಯಾರೇನ್ರಿ?"

ಚೇರಮನ್ನರು ಮೀಸೆ ಒರೆಸಿಕೊಂಡರು, ಈಗಷ್ಟೇ ಮಿರ್ಚಿ ತಿಂದು ಬಂದವರಂತೆ.

"ಗಾಳಕ್ಕ ಬೀಳೂ ನಾಲ್ಕು ಮೀನಿಗೆ ಯಾರ ಗುತ್ತಿಗೀನೂ ಮುಳುಗಂಗಿಲ್ಲ, ಗುಡಸಲಾ ಇರಲಿ" ಅಂದರು ಕಡೆಗೆ. ಆಮೇಲೆ ಹೊರಗೆ ನಮ್ಮ ಕಡೆ ಬಗ್ಗಿ, "ಆದರ ಫಕೀರವ್ವ, ಎಣ್ಣಿ ಡಬ್ಬಿ ಮುಟ್ಟೂ ಕೆಲಸ ನಿನ್ನದು. ನಿಮ್ಮತ್ತಿ ಕೈಗೆ ಕೊಡಬ್ಯಾಡ" ಅಂದರು.

ಮೂರು ದಿನದಿಂದ ಮುಚ್ಚಿದ್ದ ಬಾಯಿ ಆಗ ತೆರೆಯಿತು. "ನನ್ನ ಕೈ ಕೆಟ್ಟಿದ್ದರ ಅವರು ಎರಡನೇ ಸಲ ಯಾಕ ಕೇಳತಿದ್ರು?" ಅಂದಳು ಅತ್ತೆ. ಈ ಸಲದ ನಗುವಿನಲ್ಲಿ ಮಾಸ್ತರ ನಗುವೂ ಇತ್ತು. ನಾನು ಕೇಳಿದೆ.

ಎಲ್ಲ ಚೆದುರಿದ ಮೇಲೆ ಮಾಸ್ತರ ಹತ್ತಿರ ಹೋದೆ. "ಹೊಸಾ ಬಾಣಲಿ ತರತೀನ್ರಿ, ಹೊಸಾ ಎಣ್ಣಿ. ನಾನ ನೋಡಿ ಹಾಕ್ತೀನಿ" ಅಂದೆ.

"ಬ್ಯಾಡವ್ವ. ಇನ್ನ ಅಲ್ಲಿ ಏನೂ ತಿನ್ನಂಗಿಲ್ಲ ಅಂತ ಅವ್ವಗ ಮಾತು ಕೊಟ್ಟೇನಿ. ಗಾಳ ಹಾಕಂಗಿಲ್ಲ ಅಂತ ಕೊಟ್ಟಿಲ್ಲ."

ಅವರು ಕಡೆಯ ತನಕ ಆ ಮಾತು ಉಳಿಸಿಕೊಂಡರು. ಅಂಗಡಿ ಇರುವ ತನಕ ಅತ್ತೆಯ ಕೈಗೆ ಕೆಲಸ ಇತ್ತು. ಸಾಯುವ ಹಿಂದಿನ ವಾರವೂ ಮೀನು ಕೊಯ್ದಳು, ನನ್ನನ್ನು ಬೈದಳು. ದೇವರಿಗೆ ಕೈಮುಗಿಯುವ ಚಾಳಿ ನನಗೆ ಕಡಿಮೆ. ಕೈಮುಗಿಯಬೇಕು ಅನಿಸಿದರೆ ಆ ಮಳೆಗಾಲಕ್ಕೆ ಮುಗಿಯುತ್ತೇನೆ, ಆ ಮನುಷ್ಯನಿಗೆ ಮುಗಿಯುತ್ತೇನೆ.

ಪಂಚಾಯ್ತಿ ಆದ ಮುಂದಿನ ರವಿವಾರ ಮಾಸ್ತರು ಬಂದರು. ಮನೆಯಿಂದ ರೊಟ್ಟಿಯ ಗಂಟು ತಂದಿದ್ದರು. ಗಾಳಿ ಪಡುವಣದಿಂದ ಬೀಸುತ್ತಿತ್ತು. ನಮ್ಮ ಗುಡಿಸಲಿನ ಮೂಡಣ ಬದಿಗೆ ಕೂತರೆ ಒಲೆಯ ಹೊಗೆ, ಎಣ್ಣೆಯ ಕಮಟು ಎಲ್ಲ ಮುಖಕ್ಕೆ ಬರುತ್ತದೆ, ಗಾಳದವರು ಯಾರೂ ಅತ್ತ ಹೋಗುವುದಿಲ್ಲ. ಮಾಸ್ತರು ಸುತ್ತು ಹಾಕಿಕೊಂಡು ಅಲ್ಲೇ ಹೋಗಿ ಕೋಲು ಊರಿ ಕೂತರು. ಸ್ವಲ್ಪ ಹೊತ್ತಿಗೆ ಕೆಮ್ಮು ಕೇಳಿಸಿತು.

"ಯಾರದು ಹೊಗ್ಯಾಗ ಕುಂತವರು?" ಅಂದಳು ಅತ್ತೆ.

"ಮಾಸ್ತರು" ಅಂದೆ.

"ಅಲ್ಲ್ಯಾಕ ಕುಂತ್ರಿ ಮಾಸ್ತರ? ಇತ್ತ ಬರ್ರಿ, ಗಾಳಿ ಚಲೋ ಐತಿ."

"ಇರಲಿ ಬಿಡವ್ವ ದ್ಯಾಮವ್ವ" ಅಂದರು ಮಾಸ್ತರು. "ಇಲ್ಲೇ ಚಲೋ ಐತಿ."

ಗಂಟು ಬಿಚ್ಚಿ, ಒಣರೊಟ್ಟಿ ಮುರಿದು, ಮುಖ ನಮ್ಮ ಒಲೆಯ ಕಡೆ ಮಾಡಿ ಮೆಲ್ಲಗೆ ಅಗಿಯತೊಡಗಿದರು. ಯಾರೂ ಕೇಳಿರಲಿಲ್ಲ, ಆದರೂ ಮೀನಿನ ಬಾಣಲೆಗೆ ಒಂದು ಹಿಡಿ ಬಟಾಟೆ ಬಿಟ್ಟೆ, ವಾಸನೆ ಗಾಳಿಗೆ ಅತ್ತ ಹೋಯಿತು.